ದಾಲ್ ಮಿಲ್ ಲೋಡರ್‌ಗೆ ಏರ್ ಹಾರ್ನೋ, ಫ್ಲ್ಯಾಶರ್ ಲೈಟೋ?

ಕಲಬುರಗಿಯ ನಿಮ್ಮ ದಾಲ್ ಮಿಲ್ ಅಂಗಳದಲ್ಲಿ ಓಡಾಡುವ ಲೋಡರ್‌ಗೆ ಏರ್ ಹಾರ್ನೋ, ಮಿನುಗುವ ಫ್ಲ್ಯಾಶರ್ ಲೈಟೋ, ಯಾವುದು ಹಾಕಿಸಲಿ ಅಂತ ಕೇಳಿದ್ದೀರಿ ಅಣ್ಣಾ. ವಾಡಿ ಜಂಕ್ಷನ್‌ನಲ್ಲಿ ನಿಂತು ರೈಲು ಎಂಜಿನ್ ನೋಡಿ. ಅದರ ಮೇಲೆ ಎರಡೂ ಇವೆ, ಕೆಲಸ ಬೇರೆ.

ಹಾರ್ನ್ ಬೆನ್ನು ತಿರುಗಿಸಿ ನಿಂತವರನ್ನೂ ಮುಟ್ಟುತ್ತದೆ. ತಲೆ ಮೇಲೆ ತೊಗರಿ ಚೀಲ ಹೊತ್ತ ಹಮಾಲರಿಗೆ ಲೈಟ್ ಎಲ್ಲಿ ಕಾಣಬೇಕು? ನನಗೆ ಇದೇ ದೊಡ್ಡ ಮಾತು. ಫ್ಲ್ಯಾಶರ್ ಹೇಳುವುದು ಬೇರೆ: ‘ಇಲ್ಲಿ ಅಪಾಯ ಇನ್ನೂ ಇದೆ’. ರೈಲು ದಾರಿಯಲ್ಲಿ ಅನಿರೀಕ್ಷಿತವಾಗಿ ನಿಂತರೆ ಅದನ್ನು ಓಡಿಸುವ ಲೋಕೊ ಪೈಲಟ್ ಹಳದಿ ಫ್ಲ್ಯಾಶರ್ ಹಾಕುತ್ತಾರೆ, ಪಕ್ಕದ ಹಳಿಯಲ್ಲಿ ಎದುರು ಬರುವ ಗಾಡಿ ಎಚ್ಚರವಾಗಲಿ ಅಂತ.

ಖರ್ಚು ನೋಡಿದರೆ, ಒತ್ತಿದ ಗಾಳಿ ಒಳಗಿನ ತೆಳು ಹಾಳೆಯನ್ನು (ಡಯಾಫ್ರಾಮ್) ನಡುಗಿಸಿದಾಗಲೇ ಏರ್ ಹಾರ್ನ್ ಕೂಗುವುದು. ರೈಲು ಎಂಜಿನ್‌ನಲ್ಲಿ ಬ್ರೇಕಿಗೆಂದೇ ಗಾಳಿ ಒತ್ತುವ ಕಂಪ್ರೆಸರ್ ಇದೆ. ನಿಮ್ಮ ಲೋಡರ್‌ನಲ್ಲಿ ಇಲ್ಲದಿದ್ದರೆ ಕಂಪ್ರೆಸರ್, ಟ್ಯಾಂಕ್, ಪೈಪ್ ಎಲ್ಲ ಹೊಸದು, ಸೋರಿಕೆಯ ಕಾಟ ಬೇರೆ. ಎಲ್‌ಇಡಿ ಫ್ಲ್ಯಾಶರ್‌ಗೆ ಬ್ಯಾಟರಿ ಸಾಕು. ಬೇಳೆ ಧೂಳು ಒರೆಸುತ್ತಿರಬೇಕು, ಅಷ್ಟೇ. ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಅದು ಮಂಕು.

ಹಗಲು ಲೋಡಿಂಗ್, ಜನ ಜಾಸ್ತಿ ಇದ್ದರೆ ಹಾರ್ನ್. ರಾತ್ರಿ ಪಾಳಿ, ಪಕ್ಕದಲ್ಲಿ ಮನೆಗಳಿದ್ದರೆ ಫ್ಲ್ಯಾಶರ್. ಕುರುಡು ತಿರುವಿದ್ದರೆ ಎರಡೂ ಹಾಕಿಸಿ, ಅಲ್ಲಿ ಉಳಿತಾಯ ನೋಡಬೇಡಿ.