ಸುಟ್ಟ ಗಾಯಕ್ಕೆ ಕೊಲಾಜೆನ್ ಶೀಟ್: ಬಳಸಿ ನೋಡಿದ ಮೇಲೆ

ಸುಟ್ಟ ಗಾಯವಾದವರಿಗೆ ಗಾಯದಷ್ಟೇ ಭಯ ಹುಟ್ಟಿಸುವುದು ಡ್ರೆಸ್ಸಿಂಗ್ ಬದಲಾಯಿಸುವ ಹೊತ್ತು. ಮುಲಾಮು ಹಚ್ಚಿ ಗಾಜ್ ಬಟ್ಟೆ ಸುತ್ತುವ ಪದ್ಧತಿಯಲ್ಲಿ ಬಟ್ಟೆ ಗಾಯಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ಬಿಡಿಸುವಾಗ ಆಗತಾನೇ ಹುಟ್ಟಿದ ಎಳೆಯ ಚರ್ಮವೂ ಕಿತ್ತು ಬರುವುದುಂಟು. ಈ ನೋವನ್ನು ಬಹುಮಟ್ಟಿಗೆ ತಪ್ಪಿಸುವ ವಸ್ತುವೆಂದರೆ ಒದ್ದೆ ಕೊಲಾಜೆನ್ ಶೀಟ್. ನಮ್ಮ ತಾಯಿಯವರ ಮುಂಗೈ ಮೇಲೆ ಕುದಿಯುವ ಸಾರು ಚೆಲ್ಲಿದಾಗ ವೈದ್ಯರು ಇದನ್ನೇ ಆರಿಸಿದರು. ಅದರ ಗುಣ, ಮಿತಿಗಳೆರಡನ್ನೂ ಹತ್ತಿರದಿಂದ ನೋಡಿದ್ದರಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ.

ಕೊಲಾಜೆನ್ ನಮ್ಮ ದೇಹದಲ್ಲಿ ಅತಿ ಹೆಚ್ಚಾಗಿರುವ ಪ್ರೋಟೀನು. ಮೂರು ಎಳೆಗಳನ್ನು ಹುರಿಗೊಳಿಸಿದ ಹಗ್ಗದಂತಿರುವ ಅದರ ರಚನೆಯೇ ಚರ್ಮಕ್ಕೂ ಮೂಳೆಗೂ ಬಲ ಕೊಡುತ್ತದೆ. ದನದ ಅಥವಾ ಮೀನಿನ ಅಂಗಾಂಶದಿಂದ ಇದನ್ನು ತೆಗೆದು, ಶುದ್ಧಗೊಳಿಸಿ, ತೆಳುವಾದ ಪೊರೆಯಾಗಿ ಮಾಡಿ, ಆಲ್ಕೋಹಾಲ್ ದ್ರಾವಣ ತುಂಬಿದ ಪೌಚಿನಲ್ಲಿಟ್ಟು ಮಾರುತ್ತಾರೆ. ಚರ್ಮೋದ್ಯಮಕ್ಕಾಗಿ 1948ರಲ್ಲಿ ಆರಂಭವಾದ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ಕೊಲಾಜೆನ್ನನ್ನು ವೈದ್ಯಕೀಯ ಬಳಕೆಗೆ ತರುವ ಕೆಲಸವನ್ನೂ ದಶಕಗಳಿಂದ ನಡೆಸಿಕೊಂಡು ಬಂದಿದೆಯೆಂಬುದು ಹೆಮ್ಮೆಯ ವಿಷಯ.

ಬಳಸುವ ಕ್ರಮದಲ್ಲಿ ಅವಸರ ಸಲ್ಲದು. ನರ್ಸ್ ಮೊದಲು ಸಲೈನಿನಿಂದ (ಶುದ್ಧ ಉಪ್ಪುನೀರಿನ ದ್ರಾವಣದಿಂದ) ಗಾಯವನ್ನು ತೊಳೆದು, ಒಡೆದ ಬೊಬ್ಬೆಗಳ ಸತ್ತ ಚರ್ಮವನ್ನು ಪೂರ್ತಿ ತೆಗೆದರು. ಆಮೇಲೆ ಪೌಚಿನಿಂದ ತೆಗೆದ ಶೀಟನ್ನು ಬೇರೊಂದು ಬಟ್ಟಲಿನ ಸಲೈನಿನಲ್ಲಿ ಚೆನ್ನಾಗಿ ಜಾಲಾಡಿಸಿದರು. ಆಲ್ಕೋಹಾಲ್ ಉಳಿದರೆ ಗಾಯ ವಿಪರೀತ ಉರಿಯುತ್ತದೆ. ಹಾಲಿನ ಬಣ್ಣದ, ಅರೆಪಾರದರ್ಶಕವಾದ ಆ ಪೊರೆಯನ್ನು ಗಾಯದ ಅಂಚಿಗಿಂತ ತುಸು ಹೊರಗೆ ಬರುವಂತೆ ಹಾಸಿ, ಅಡಿಯಲ್ಲಿ ಸಿಕ್ಕಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಅಂಚಿನತ್ತ ಒತ್ತಿ ಹೊರಹಾಕಿ, ಒಸರುವ ನೀರು ನಿಲ್ಲದಿರಲೆಂದು ಅಲ್ಲಲ್ಲಿ ಸಣ್ಣ ತೂತು ಮಾಡಿದರು. ಶೀಟು ಕೂತ ಸ್ವಲ್ಪ ಹೊತ್ತಿನಲ್ಲೇ ತಾಯಿಯವರಿಗೆ ಉರಿ ಇಳಿಯಿತು, ಏಕೆಂದರೆ ತೆರೆದುಕೊಂಡಿದ್ದ ನರಗಳ ತುದಿಗಳಿಗೆ ಗಾಳಿ ತಾಗುವುದು ನಿಂತಿತ್ತು. ಮುಂದಿನ ಭೇಟಿಗಳಲ್ಲಿ ಮೇಲಿನ ಬ್ಯಾಂಡೇಜನ್ನು ಮಾತ್ರ ಬದಲಾಯಿಸಿದರು. ಶೀಟು ಒಣಗಿ ಕಂದುಬಣ್ಣಕ್ಕೆ ತಿರುಗಿ, ಕೆಳಗೆ ಚರ್ಮ ಬಂದಂತೆಲ್ಲ ಅಂಚಿನಿಂದ ತಾನಾಗಿ ಬಿಟ್ಟುಕೊಂಡಿತು. ಬಿಟ್ಟಷ್ಟನ್ನು ಕತ್ತರಿಯಿಂದ ಕತ್ತರಿಸಿದರೆ ಸಾಕಾಗುತ್ತಿತ್ತು.

ಆದರೆ ಇದು ಚರ್ಮವನ್ನು ಸೃಷ್ಟಿಸುವ ವಸ್ತುವಲ್ಲ. ಸುಟ್ಟದ್ದು ಹೊರಚರ್ಮ ಮತ್ತು ಒಳಚರ್ಮದ ಮೇಲ್ಭಾಗವಷ್ಟೇ ಆಗಿದ್ದರೆ, ಕೂದಲಿನ ಬುಡ ಮತ್ತು ಬೆವರುಗ್ರಂಥಿಗಳಲ್ಲಿ ಉಳಿದ ಜೀವಕೋಶಗಳು ಎರಡು-ಮೂರು ವಾರಗಳಲ್ಲಿ ಹೊಸ ಹೊರಚರ್ಮವನ್ನು ಬೆಳೆಸುತ್ತವೆ. ಶೀಟು ಅವಕ್ಕೆ ಹೊದಿಕೆಯನ್ನೂ ಹಬ್ಬಿಕೊಳ್ಳಲು ನೆಲೆಯನ್ನೂ ಒದಗಿಸುತ್ತದೆ. ಒಳಚರ್ಮ ಪೂರ್ತಿ ಸುಟ್ಟಿದ್ದರೆ ಆ ಜೀವಕೋಶಗಳೇ ಇರುವುದಿಲ್ಲ, ಆಗ ಬರೀ ಶೀಟಿನಿಂದ ಪ್ರಯೋಜನವಿಲ್ಲ. ಬೇರೆಡೆಯ ಚರ್ಮ ತೆಗೆದು ಕಸಿ ಮಾಡಬೇಕು. ಅಮೆರಿಕದ ಶಸ್ತ್ರವೈದ್ಯ ಜಾನ್ ಬರ್ಕ್ ಮತ್ತು ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಇಯಾನಿಸ್ ಯಾನಸ್ ರೂಪಿಸಿದ ಇಂಟೆಗ್ರಾ ಎಂಬ ಕೃತಕ ಚರ್ಮ ಹುಟ್ಟಿದ್ದು ಇಂಥ ಆಳವಾದ ಗಾಯಗಳಿಗಾಗಿಯೇ. ದನದ ಕೊಲಾಜೆನ್ನಿಗೆ ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ಪಡೆದ ವಸ್ತುವನ್ನು ಬೆರೆಸಿ ಮಾಡಿದ ರಂಧ್ರಮಯ ಪದರ, ಅದರ ಮೇಲೊಂದು ಸಿಲಿಕೋನ್ ಹೊದಿಕೆ. ರೋಗಿಯ ರಕ್ತನಾಳಗಳು ಆ ರಂಧ್ರಗಳೊಳಗೆ ಬೆಳೆದು ಹೊಸ ಒಳಚರ್ಮ ಸಿದ್ಧವಾದ ಮೇಲೆ ಸಿಲಿಕೋನ್ ತೆಗೆದು ಅತಿ ತೆಳುವಾದ ಚರ್ಮವನ್ನು ಕಸಿ ಮಾಡುತ್ತಾರೆ. 1981ರಲ್ಲಿ ಅದರ ಮೊದಲ ಫಲಿತಾಂಶಗಳು ಪ್ರಕಟವಾದವು, 1996ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ನಮ್ಮ ಔಷಧಿ ಅಂಗಡಿಯ ಶೀಟು ಅದೇ ವಿಚಾರದ ಸರಳ ರೂಪವೇ ಹೊರತು ಅದಕ್ಕೆ ಬದಲಿಯಲ್ಲ. ಕೀವು ತುಂಬಿದ ಗಾಯದ ಮೇಲೆ ಇದನ್ನು ಹಾಕಲೇಬಾರದು. ಸೋಂಕು ಮುಚ್ಚಿಕೊಂಡು ಒಳಗೇ ಹಬ್ಬುತ್ತದೆ.

ಬೆಲೆ ಮುಲಾಮಿಗಿಂತ ಬಹಳ ಹೆಚ್ಚು. ಡ್ರೆಸ್ಸಿಂಗಿನ ಸಂಖ್ಯೆ ಇಳಿಯುವುದರಿಂದ ಸಣ್ಣ ಗಾಯಗಳಲ್ಲಿ ಈ ಹೊರೆ ಸಹಿಸಬಹುದಾದದ್ದು, ಆದರೆ ಸುಟ್ಟ ಭಾಗ ವಿಸ್ತಾರವಾಗಿದ್ದರೆ ಬಡ ಕುಟುಂಬಕ್ಕೆ ನಿಲುಕುವುದಿಲ್ಲ. ನನ್ನ ಗಂಭೀರ ಆಕ್ಷೇಪ ಬೇರೆಯದು. ಶೀಟು ಯಾವ ಪ್ರಾಣಿಯಿಂದ ಬಂದದ್ದೆಂದು ನಮಗೆ ಯಾರೂ ಮೊದಲೇ ಹೇಳಲಿಲ್ಲ. ಪೌಚಿನ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿ ನಾವೇ ತಿಳಿದುಕೊಳ್ಳಬೇಕಾಯಿತು. ದನದ ಪ್ರೋಟೀನಿಗೆ ಅಲರ್ಜಿ ಇರುವವರಿಗೆ ಇದು ಅಪಾಯದ ಪ್ರಶ್ನೆ, ಆಚಾರ ಪಾಲಿಸುವ ಮನೆಗಳಿಗೆ ಮನಸ್ಸಾಕ್ಷಿಯ ಪ್ರಶ್ನೆ. ನಮ್ಮ ತಾಯಿಯವರು ವಿಷಯ ತಿಳಿದ ಮೇಲೂ ಒಪ್ಪಿದರು, ಆದರೆ ಒಪ್ಪುವುದೋ ಬಿಡುವುದೋ ಎಂಬ ಆಯ್ಕೆ ರೋಗಿಯದೇ ಆಗಿರಬೇಕು. ಮೂಲವನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲೂ ಮುದ್ರಿಸುವುದು ತಯಾರಕರಿಗೆ ಕಷ್ಟವೇನಲ್ಲ, ಶೀಟು ಹಾಕುವ ಮೊದಲು ಒಂದು ಮಾತು ಕೇಳುವುದು ವೈದ್ಯರಿಗೂ ಕಷ್ಟವಲ್ಲ. ಅಲ್ಲಿಯವರೆಗೆ, ಪೌಚು ತೆರೆಯುವ ಮುನ್ನ ಅದರ ಮೂಲವನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಮನೆಯವರೇ ಕೇಳಿ ನೋಡಿಕೊಳ್ಳಬೇಕು.