ಸ್ಟ್ಯಾಕ್: ಪದವಿ ಗಣಿತದ ಅಭ್ಯಾಸಕ್ಕೆ ಒದಗುವ ಆನ್‌ಲೈನ್ ಕ್ವಿಜ್

ಆನ್‌ಲೈನ್ ಕ್ವಿಜ್ ಎಂದರೆ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಲು ಹೇಳುವುದು ಎಂಬ ಎಣಿಕೆ ಗಣಿತ ವಿಭಾಗಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಅನುಕಲನದಂಥ ವಿಷಯದಲ್ಲಿ ಈ ಪದ್ಧತಿ ಎಷ್ಟು ಪೊಳ್ಳು ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು: ವಿದ್ಯಾರ್ಥಿ ಅನುಕಲನದ ಗೋಜಿಗೇ ಹೋಗದೆ, ಕೊಟ್ಟ ಉತ್ತರಗಳನ್ನು ಒಂದೊಂದಾಗಿ ಅವಕಲಿಸಿ, ಅಂದರೆ ಹಿಮ್ಮುಖವಾಗಿ ಲೆಕ್ಕ ಹಾಕಿ, ಸರಿಯಾದದ್ದನ್ನು ಹಿಡಿದುಬಿಡುತ್ತಾನೆ. ಈ ತೊಡಕನ್ನು ತಪ್ಪಿಸಲೆಂದೇ ಆನ್‌ಲೈನ್ ಪಾಠ ನಡೆಸುವ ವೇದಿಕೆಯಾದ ಮೂಡಲ್‌ನೊಳಗೆ ಸೇರಿಕೊಂಡು ಕೆಲಸ ಮಾಡುವ ಸ್ಟ್ಯಾಕ್ ಎಂಬ ಉಚಿತ ತಂತ್ರಾಂಶವನ್ನು ಮೊದಲ ವರ್ಷದ ಕಲನಶಾಸ್ತ್ರ ಹಾಗೂ ರೇಖೀಯ ಬೀಜಗಣಿತದ ತರಗತಿಗಳಿಗೆ ಆರಿಸಿಕೊಂಡೆ. ಹಲವು ವರ್ಷಗಳ ಬಳಕೆಯ ನಂತರ ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ಕ್ರಿಸ್ ಸ್ಯಾಂಗ್ವಿನ್ ಅವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದ್ದಾಗ 2004ರಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಹಿಂದೆ ಮ್ಯಾಕ್ಸಿಮಾ ಎಂಬ ಬೀಜಗಣಿತ ತಂತ್ರಾಂಶ ಕೆಲಸ ಮಾಡುತ್ತದೆ. ವಿದ್ಯಾರ್ಥಿ ಉತ್ತರವನ್ನು ತಾನೇ ಟೈಪ್ ಮಾಡಬೇಕು. ಅದು ಅಧ್ಯಾಪಕರ ಉತ್ತರಕ್ಕೆ ಅಕ್ಷರಶಃ ಹೊಂದುತ್ತದೆಯೇ ಎಂದು ನೋಡುವ ಬದಲು, ಬೀಜಗಣಿತದ ದೃಷ್ಟಿಯಿಂದ ಸರಿಯಿದೆಯೇ ಎಂದು ಯಂತ್ರ ಪರೀಕ್ಷಿಸುತ್ತದೆ. ಸೈನ್ ಎಕ್ಸ್ ಮತ್ತು ಕಾಸ್ ಎಕ್ಸ್‌ಗಳ ಗುಣಲಬ್ಧವನ್ನು ಅನುಕಲಿಸಲು ಹೇಳಿದರೆ ಒಬ್ಬರು ಸೈನ್ ವರ್ಗದ ಅರ್ಧ ಎನ್ನುತ್ತಾರೆ, ಇನ್ನೊಬ್ಬರು ಕಾಸ್ ವರ್ಗದ ಋಣ ಅರ್ಧ ಎನ್ನುತ್ತಾರೆ, ಮತ್ತೊಬ್ಬರು ಕಾಸ್ ಎರಡು ಎಕ್ಸ್‌ನ ಋಣ ಕಾಲು ಭಾಗ ಎಂದು ಬರೆಯುತ್ತಾರೆ. ಸ್ಥಿರಾಂಕ ಸೇರಿಸಿದರೆ ಮೂರೂ ಸರಿ, ಮತ್ತು ಮೂರಕ್ಕೂ ಪೂರ್ಣ ಅಂಕ ಸಿಗುತ್ತದೆ. ಸ್ಥಿರಾಂಕವನ್ನು ಮರೆತವರಿಗೆ ಅದನ್ನಷ್ಟೇ ಎತ್ತಿ ತೋರಿಸುವ ಸೂಚನೆ ಬರುತ್ತದೆ.

ನನ್ನ ಮಟ್ಟಿಗೆ ಈ ತಂತ್ರಾಂಶದ ನಿಜವಾದ ಬೆಲೆ ಇರುವುದು ಅದು ಕೊಡುವ ಹಿಮ್ಮಾಹಿತಿಯಲ್ಲಿ. ಎಕ್ಸ್ ವರ್ಗವನ್ನು ಸೈನ್ ಎಕ್ಸ್‌ನಿಂದ ಗುಣಿಸಿ ಅವಕಲಿಸಲು ಕೊಟ್ಟಾಗ, ಎರಡನ್ನೂ ಬೇರೆಬೇರೆಯಾಗಿ ಅವಕಲಿಸಿ ಗುಣಿಸಿಬಿಡುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಎರಡು ಎಕ್ಸ್ ಕಾಸ್ ಎಕ್ಸ್ ಎಂಬ ಆ ಉತ್ತರವನ್ನು ಪ್ರಶ್ನೆ ಬರೆಯುವಾಗಲೇ ನಿರೀಕ್ಷಿಸಿ ಅದಕ್ಕೊಂದು ಕವಲು ಇಟ್ಟರೆ, ‘ತಪ್ಪು’ ಎಂಬ ಒಣ ಮಾತಿನ ಬದಲು ಗುಣಲಬ್ಧ ನಿಯಮವನ್ನು ನೆನಪಿಸುವ ನಾಲ್ಕು ಸಾಲು ಆ ಕ್ಷಣದಲ್ಲೇ ವಿದ್ಯಾರ್ಥಿಯ ಕಣ್ಣಿಗೆ ಬೀಳುತ್ತದೆ. ಇಂಥ ಕವಲುಗಳನ್ನು ಹೂಡುವುದು ಸುಲಭದ ಕೆಲಸವಲ್ಲ. ಯಾವ ತಪ್ಪು ಉತ್ತರ ಎಷ್ಟು ಸಲ ಬಂದಿದೆ ಎಂಬುದನ್ನು ವ್ಯವಸ್ಥೆಯ ವರದಿಯಲ್ಲಿ ನೋಡಿ, ಮುಂದಿನ ವರ್ಷಕ್ಕೆ ಪ್ರಶ್ನೆಯನ್ನು ತಿದ್ದುತ್ತ ಹೋಗಬೇಕಾಗುತ್ತದೆ. ಕವಲುಗಳೇ ಇಲ್ಲದ ಪ್ರಶ್ನೆ ಸರಿ-ತಪ್ಪು ಹೇಳುವ ಯಂತ್ರವಾಗಿ ಉಳಿಯುತ್ತದೆ. ಉತ್ತರ ಪತ್ರಿಕೆ ತಿದ್ದುವ ಹೊರೆ ಇಳಿಯುತ್ತದೆಂಬ ಒಂದೇ ಆಸೆಯಿಂದ ಇತ್ತ ಬರುವವರಿಗೆ ಮೊದಲ ವರ್ಷ ನಿರಾಸೆ ಖಚಿತ, ಏಕೆಂದರೆ ಆ ಹೊರೆಯೆಲ್ಲ ಪ್ರಶ್ನೆ ಬರೆಯುವ ಹಂತಕ್ಕೆ ಸರಿದಿರುತ್ತದೆ.

ಟೈಪ್ ಮಾಡುವ ಕಷ್ಟವನ್ನು ವಿದ್ಯಾರ್ಥಿಗಳು ಆರಂಭದಲ್ಲಿ ಹೇಳಿಕೊಳ್ಳುವುದು ಸಹಜ, ಮೊಬೈಲ್‌ನಲ್ಲಿ ಘಾತದ ಚಿಹ್ನೆ ಹುಡುಕುವವರಂತೂ ಇನ್ನೂ ಹೆಚ್ಚು. ಆದರೆ ಬರೆದದ್ದನ್ನು ಯಂತ್ರ ಹೇಗೆ ಓದಿಕೊಂಡಿದೆ ಎಂಬುದು ಅಂಕ ಹಾಕುವ ಮೊದಲೇ ಪರದೆಯ ಮೇಲೆ ಮೂಡುತ್ತದೆ. ಒಂದು, ಓರೆಗೆರೆ, ಎರಡು, ಎಕ್ಸ್ ಎಂದು ಬಿಡಿಸದೆ ಬರೆದರೆ ಎಕ್ಸ್ ಛೇದದಲ್ಲಿದೆಯೋ ಹೊರಗಿದೆಯೋ ಎಂಬ ಗೊಂದಲ ಅಲ್ಲೇ ಗೋಚರಿಸುವುದರಿಂದ, ಆವರಣ ಹಾಕುವ ಶಿಸ್ತು ತಾನಾಗಿ ಬರುತ್ತದೆ. ಕಾಗದದ ಮೇಲೆ ಎಷ್ಟು ಹೇಳಿದರೂ ಬಾರದ ಶಿಸ್ತು ಅದು.

ಒಂದೇ ಪ್ರಶ್ನೆಯಿಂದ ಸಂಖ್ಯೆ ಬದಲಿಸಿ ಅನೇಕ ರೂಪಗಳನ್ನು ಪಡೆಯುವ ಸೌಲಭ್ಯ ಅಭ್ಯಾಸಕ್ಕೆ ವರದಾನ. ಆದರೂ ಇಲ್ಲಿ ಕಣ್ಣಿಟ್ಟಿರಬೇಕು: ಛೇದವನ್ನು ಸೊನ್ನೆಯಾಗಿಸುವ ಎರಡು ಮೂಲಗಳನ್ನು ಯಾದೃಚ್ಛಿಕವಾಗಿ ಆರಿಸಲು ಬಿಟ್ಟಾಗ ಅವು ಒಂದೇ ಆಗಿಬಿಟ್ಟರೆ, ಆಂಶಿಕ ಭಿನ್ನರಾಶಿಯ ಸರಳ ಲೆಕ್ಕ ಬೇರೆಯೇ ಬಗೆಯ ಲೆಕ್ಕವಾಗಿಬಿಡುತ್ತದೆ. ಹಾಗಾಗಿ ರೂಪಗಳನ್ನು ಮೊದಲೇ ಹುಟ್ಟಿಸಿ, ಪರಿಶೀಲಿಸಿ, ಒಪ್ಪಿಗೆಯಾದವನ್ನು ಮಾತ್ರ ಬಿಡುಗಡೆ ಮಾಡುವುದು ಕ್ಷೇಮ.

ಇನ್ನೊಂದು ಬಗೆಯ ಪ್ರಶ್ನೆಯನ್ನು ನಾನು ವಿಶೇಷವಾಗಿ ಮೆಚ್ಚಿದ್ದೇನೆ. ಐಗನ್ ಮೌಲ್ಯಗಳು ಒಂದು ಮತ್ತು ಎರಡು ಆಗಿದ್ದು, ಯಾವ ಅಂಶವೂ ಸೊನ್ನೆಯಲ್ಲದ ಎರಡು ಸಾಲು, ಎರಡು ಕಂಬಗಳ ಮಾತೃಕೆಯೊಂದನ್ನು ಕೊಡಿ ಎಂದು ಕೇಳಬಹುದು. ಐಗನ್ ಮೌಲ್ಯಗಳ ಮೊತ್ತವೇ ಕರ್ಣದ ಮೊತ್ತ, ಅವುಗಳ ಗುಣಲಬ್ಧವೇ ನಿರ್ಧಾರಕ; ಹಾಗಾಗಿ ಅಂಶಗಳಲ್ಲಿ ಸೊನ್ನೆಯಿಲ್ಲ, ಕರ್ಣದ ಮೊತ್ತ ಮೂರು, ನಿರ್ಧಾರಕ ಎರಡು ಎಂದು ಯಂತ್ರ ತಾಳೆ ನೋಡಿದರೆ ಸಾಕು. ತರಗತಿಯಲ್ಲಿ ಪ್ರತಿಯೊಬ್ಬರ ಉತ್ತರವೂ ಬೇರೆಯಾಗಿರಬಹುದು. ಇಷ್ಟು ವಿಧದ ಮಾತೃಕೆಗಳನ್ನು ಕೈಯಲ್ಲಿ ತಿದ್ದಬೇಕೆಂದಿದ್ದರೆ ಈ ಪ್ರಶ್ನೆ ಕೇಳುವ ಧೈರ್ಯವನ್ನು ನಾನು ಮಾಡುತ್ತಿರಲಿಲ್ಲ.

ಮಿತಿಗಳೂ ಇವೆ. ಪ್ರಮೇಯವೊಂದರ ಸಾಧನೆಯ (ಪ್ರೂಫ್) ಸಾಲುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವ ಪ್ರಶ್ನೆಗಳನ್ನು ಈಗ ರಚಿಸಬಹುದಾದರೂ, ಸಾಧನೆಯನ್ನು ಸ್ವಂತವಾಗಿ ಬರೆಯುವ ಕೌಶಲಕ್ಕೆ ಅದು ಬದಲಿಯಲ್ಲ. ಮನೆಯಿಂದ ಬರೆಯುವ ಕ್ವಿಜ್‌ಗೆ ಹೆಚ್ಚು ಅಂಕ ಇಡುವುದೂ ಸರಿಯಲ್ಲ, ಏಕೆಂದರೆ ಇದೇ ಲೆಕ್ಕಗಳನ್ನು ಬಿಡಿಸಿಕೊಡುವ ತಂತ್ರಾಂಶಗಳು ಎಲ್ಲರ ಕೈಯಲ್ಲೂ ಇವೆ. ತಪ್ಪು ಪ್ರಯತ್ನಕ್ಕೆ ಶೇಕಡ 10 ಕಡಿತ ಇದರ ಮೂಲ ಸೆಟ್ಟಿಂಗ್; ಅಭ್ಯಾಸದ ಕ್ವಿಜ್‌ಗಳಲ್ಲಿ ಅದನ್ನು ಸೊನ್ನೆಗಿಳಿಸಿದರೆ ವಿದ್ಯಾರ್ಥಿಗಳು ಅಳುಕಿಲ್ಲದೆ ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ. ಸರ್ವರ್‌ನಲ್ಲಿ ಮ್ಯಾಕ್ಸಿಮಾ ಅಳವಡಿಸಲು ತಾಂತ್ರಿಕ ಸಿಬ್ಬಂದಿಯ ನೆರವು ಸಿಗದ ಕಡೆ, ಬ್ರೌಸರ್‌ನಲ್ಲೇ ಓಡುವ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನಂಬಾಸ್ ಎಂಬ ಇಂಥದೇ ಕ್ವಿಜ್ ತಂತ್ರಾಂಶವನ್ನು ಮೊದಲು ನೋಡುವುದು ಒಳಿತು. ಸ್ಟ್ಯಾಕನ್ನೇ ಆರಿಸುವವರು ಅದರೊಂದಿಗೆ ಬರುವ ಮಾದರಿ ಪ್ರಶ್ನೆಗಳನ್ನು ತೆರೆದು, ಸಂಖ್ಯೆ ಮತ್ತು ಹಿಮ್ಮಾಹಿತಿಯನ್ನು ತಮ್ಮ ಪಠ್ಯಕ್ಕೆ ತಕ್ಕಂತೆ ಬದಲಿಸುತ್ತ ಕಲಿಯಬಹುದು. ಖಾಲಿ ಪುಟದಿಂದ ಹೊರಡಬೇಕಾಗಿಲ್ಲ.