ತೋಟದ ರೈಟರ್ ಕೆಲಸಕ್ಕೆ ಡೆಬಿಯನ್: ಐದನೇ ಕೊಯ್ಲಿನಲ್ಲಿ ಬರೆದ ವಿಮರ್ಶೆ

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಹತ್ತಿರ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಶನಿವಾರದ ಬಟವಾಡೆ, ಕಣದಿಂದ ಹೊರಡುವ ಮೂಟೆಗಳ ಲೆಕ್ಕ, ಎಲ್ಲವೂ ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲೇ. 2021ರ ಅಕ್ಟೋಬರಿನಲ್ಲಿ ಅದಕ್ಕೆ ಡೆಬಿಯನ್ 11 ಹಾಕಿದೆ. ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಗಳಲ್ಲಿ ಡೆಬಿಯನ್ ಒಂದು.

ಅದಕ್ಕೂ ಮೊದಲು ಬೇರೊಂದು ಲಿನಕ್ಸ್ ಇತ್ತು, ದಿನ ಬೆಳಗಾದರೆ ಹೊಸದೇನಾದರೂ ತರುವಂಥದ್ದು. ಒಂದು ಶುಕ್ರವಾರ ರಾತ್ರಿ ಅಪ್‌ಡೇಟ್ ಕೊಟ್ಟು ಮಲಗಿದೆ. ಬೆಳಿಗ್ಗೆ ಪರದೆ ಕಪ್ಪು. ಕೈಲೆಕ್ಕ ಹಾಕಿ ಬಟವಾಡೆ ಮುಗಿಸುವಾಗ ರಾತ್ರಿ ಎಂಟಾಗಿತ್ತು. ಇಡೀ ವಾರ ದುಡಿದವರು ಕೂಲಿಗಾಗಿ ಕತ್ತಲಲ್ಲಿ ನಿಂತದ್ದು ನನಗೆ ಇವತ್ತಿಗೂ ಸಂಕಟ.

ಡೆಬಿಯನ್ನಿನ ಸ್ಟೇಬಲ್, ಅಂದರೆ ಪರೀಕ್ಷಿಸಿ ಸ್ಥಿರಗೊಳಿಸಿದ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಂದ ಮೇಲೆ ಅದರೊಳಗಿನ ತಂತ್ರಾಂಶಗಳು ಹೆಚ್ಚುಕಡಿಮೆ ಹಾಗೇ ನಿಲ್ಲುತ್ತವೆ. ಭದ್ರತೆಯ ತೇಪೆ, ದೊಡ್ಡ ದೋಷಗಳ ರಿಪೇರಿ, ಅಷ್ಟೇ. ನನಗೆ ಇನ್ನೂ ಮುಖ್ಯವಾದದ್ದು, ಹೊಸ ಆವೃತ್ತಿ ಬಂದ ಮೇಲೂ ಹಳೆಯದಕ್ಕೆ ಒಂದು ವರ್ಷದ ಭದ್ರತಾ ಬೆಂಬಲ ಸಿಗುವುದು. 12 ಬಂದದ್ದು 2023ರ ಜೂನ್‌ನಲ್ಲಿ, ಮುಂಗಾರು ಹಿಡಿಯುವ ಹೊತ್ತಿಗೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಮೇಲೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಎಲ್ಲ ಮುಗಿಸಿ 2024ರ ಏಪ್ರಿಲ್‌ನಲ್ಲಿ ನಿಧಾನವಾಗಿ ಬದಲಾಯಿಸಿದೆ. ಒಂದು ಮಧ್ಯಾಹ್ನದ ಕೆಲಸ; ಒಂದು ಕಡತವೂ ಕದಲಲಿಲ್ಲ.

ಕನ್ನಡಕ್ಕೆ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡರೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದೇನಿಲ್ಲ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ. ಪತ್ರ, ಲೆಕ್ಕದ ಹಾಳೆಗಳಿಗೆ ಬಳಸುವ ಲಿಬ್ರೆ ಆಫೀಸಿನಲ್ಲಿ ಆಳುಗಳ ಹೆಸರು ಒತ್ತಕ್ಷರ ಚದುರದೆ ಮೂಡುತ್ತದೆ, ಮುದ್ರಣದಲ್ಲೂ ಹಾಗೇ ಬರುತ್ತದೆ. ಯೂನಿಕೋಡಿಗೂ ಮೊದಲಿನ ಆಸ್ಕಿ ಫಾಂಟುಗಳಲ್ಲಿ ಬರೆದ ಹಳೆಯ ಕಡತಗಳದ್ದು ಮಾತ್ರ ಬೇರೆ ಕತೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿ ಸಾಲುಸಾಲಾಗಿ ತಿದ್ದಲು ನನಗೆ ಎರಡು ವಾರ ಹಿಡಿಯಿತು. ಆದರೂ ಮಾಡಿದ್ದಕ್ಕೆ, ಈಗ ಒಂದು ಹೆಸರು ಹುಡುಕಿದರೆ ಐದು ವರ್ಷದ ಹಾಜರಿ ಒಟ್ಟಿಗೆ ಸಿಗುತ್ತದೆ.

ತೊಂದರೆಗಳೂ ಇವೆ. 11 ಹಾಕುವಾಗ ವೈಫೈ ಸಿಗಲೇ ಇಲ್ಲ, ಫೋನನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಫರ್ಮ್‌ವೇರ್ (ವೈಫೈ ಚಿಪ್ ಕೆಲಸ ಮಾಡಲು ಬೇಕಾದ ತಂತ್ರಾಂಶ) ಇಳಿಸಬೇಕಾಯಿತು. 12ರಿಂದ ಅದು ಇನ್‌ಸ್ಟಾಲರಿನಲ್ಲೇ ಬರುತ್ತದೆ. ಆಫೀಸಿನ ಹಳೇ ಲೇಸರ್ ಪ್ರಿಂಟರ್ ಎಷ್ಟು ಗುದ್ದಾಡಿದರೂ ಒಗ್ಗಲಿಲ್ಲ, ಕೊನೆಗೆ ಚಾಲಕ ತಂತ್ರಾಂಶ ಬೇಡದ ಹೊಸದನ್ನು ಕೊಳ್ಳಬೇಕಾಯಿತು. ಆಡಿಟರ್ ಬಳಸುವ ಲೆಕ್ಕದ ತಂತ್ರಾಂಶ ವಿಂಡೋಸ್‌ನಲ್ಲಷ್ಟೇ ಓಡುವುದು, ಹಾಗಾಗಿ ಮಾರ್ಚ್‌ನಲ್ಲಿ ಪೆನ್‌ಡ್ರೈವ್ ಹಿಡಿದು ಚಿಕ್ಕಮಗಳೂರಿಗೆ ಹೋಗುತ್ತೇನೆ. ಹೊಸ ಹೊಸ ಸೌಲಭ್ಯ ಬೇಕೆನ್ನುವವರಿಗೆ ಇಲ್ಲಿನ ಲಿಬ್ರೆ ಆಫೀಸ್ ಹಳತೆನಿಸೀತು. ಕೂಡುವ ಕಳೆಯುವ ಲೆಕ್ಕಕ್ಕೆ ನನಗದು ಧಾರಾಳವಾಯಿತು.

13 ಬಂದದ್ದು 2025ರ ಆಗಸ್ಟ್‌ನಲ್ಲಿ. ನಾನಿನ್ನೂ 12ರಲ್ಲೇ ಇದ್ದೇನೆ, ರೊಬಸ್ಟಾ ಕಣದಿಂದ ಎದ್ದ ಮೇಲೆ ನೋಡುವುದು. ಗೋದಾಮಿನ ತೂಕದ ಮೇಜಿನ ಮೇಲಿರುವ 32 ಬಿಟ್ಟಿನ ಮುದಿ ಕಂಪ್ಯೂಟರಿಗೆ ಮಾತ್ರ 13ರಲ್ಲಿ ಇನ್‌ಸ್ಟಾಲರ್ ಇಲ್ಲ. ಅದಕ್ಕೆ ಬದಲಿ ಹುಡುಕಬೇಕೆಂದು ಸಾಹುಕಾರರಿಗೆ ಈಗಲೇ ಹೇಳಿಟ್ಟಿದ್ದೇನೆ.